ಭಾನುವಾರದ ಗ್ರಿಲ್ ಕೋಳಿ ಬುಧವಾರದವರೆಗೆ ಬಂದೀತೆ?

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದವರು. ಮನೆಯಲ್ಲಿ ಐದು ಜನ: ನಾವಿಬ್ಬರು, ಹನ್ನೊಂದು ಮತ್ತು ಆರು ವರ್ಷದ ಮಕ್ಕಳು, ಎಪ್ಪತ್ತೆರಡು ವರ್ಷದ ಅತ್ತೆ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದ ಮೇಲೆ ಮೀನಿನ ಬೆಲೆ ಕೇಳುವುದೇ ಬೇಡ. ಹಾಗಾಗಿ ಭಾನುವಾರ ಸಂತೆ ಮುಗಿಸಿ ಬರುವಾಗ ಒಂದು ಇಡೀ ಗ್ರಿಲ್ ಕೋಳಿ ತರುತ್ತೇವೆ. ಮಕ್ಕಳು ಕಾಲು, ತೊಡೆ ತಿಂದು ಏಳುತ್ತಾರೆ, ಎದೆಯ ಭಾಗ ಹಾಗೆಯೇ ಉಳಿಯುತ್ತದೆ. ಸೋಮವಾರ ನಮ್ಮಲ್ಲಿ ಮೀನು, ಮಾಂಸ ಇಲ್ಲ. ಮಂಗಳವಾರ ತೆಗೆದರೆ ಅದು ಒಣಗಿ ನಾರಾಗಿರುತ್ತದೆ, ಏನೋ ಹಳೆಯ ವಾಸನೆ ಬೇರೆ. ಒಂದು ಕೋಳಿಯಲ್ಲಿ ಎರಡು ಮೂರು ಊಟ ಹೊರಡಿಸಬೇಕೆಂಬುದು ನನ್ನ ಆಸೆ. ಬೇಯಿಸಿದ ಕೋಳಿಯನ್ನು ಮತ್ತೆ ಬಿಸಿ ಮಾಡಿದರೆ ವಿಷ ಎಂದು ಅತ್ತೆ ಹೇಳುತ್ತಾರೆ. ಫ್ರಿಜ್‌ನಲ್ಲಿಟ್ಟರೆ ವಾರವಾದರೂ ಏನೂ ಆಗದು ಎನ್ನುತ್ತಾರೆ ನನ್ನವರು. ಕಳೆದ ತಿಂಗಳು ಒಮ್ಮೆ ಭಾನುವಾರ ರಾತ್ರಿಯೇ ಚಿಕ್ಕವಳಿಗೆ ವಾಂತಿಯಾಯಿತು. ಅಂದು ಸಂಜೆ ಆರೂವರೆಗೆ ಕೋಳಿ ತೆಗೆದುಕೊಂಡು, ಸದಾಶಿವಗಡದ ನಾದಿನಿಯ ಮನೆಗೆ ಹೋಗಿ, ಒಂಬತ್ತೂವರೆಗೆ ಮನೆಗೆ ಬಂದು ಊಟ ಮಾಡಿದ್ದೆವು. ಉಳಿದದ್ದನ್ನು ಹನ್ನೊಂದಕ್ಕೆ ಫ್ರಿಜ್‌ನಲ್ಲಿಟ್ಟೆ. ನಾನು ಎಲ್ಲಿ ತಪ್ಪಿದೆ? ಎಲುಬಿನ ಬಳಿ ಮಾಂಸ ಕೆಂಪಗಿತ್ತು, ಅದು ಬೆಂದಿರಲಿಲ್ಲವೇ? ಉಳಿದ ಎಲುಬನ್ನು ಸೂಪ್ ಮಾಡಬಹುದೇ, ನಾಯಿಗೆ ಹಾಕಬಹುದೇ?

ಉತ್ತರ:

ನೀವು ಸಮಯಗಳನ್ನು ಬರೆದು ಕಳುಹಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು "ಸ್ವಲ್ಪ ಹೊತ್ತು ಹೊರಗಿತ್ತು" ಎಂದು ಬರೆಯುತ್ತಾರೆ. ಆ ಸ್ವಲ್ಪ ಹೊತ್ತಿನೊಳಗೆ ಎಷ್ಟು ಗಂಟೆ ಅಡಗಿದೆ ಎಂದು ತಿಳಿಯುವುದೇ ನನ್ನ ಅರ್ಧ ಕೆಲಸ. ನಿಮ್ಮ ಲೆಕ್ಕದಲ್ಲಿ ಕೋಳಿ ಸರಳಿನಿಂದ ಇಳಿದ ಮೇಲೆ ಊಟಕ್ಕೆ ಮೂರು ಗಂಟೆ, ಫ್ರಿಜ್‌ಗೆ ನಾಲ್ಕೂವರೆ ಗಂಟೆ. ಮಂಗಳವಾರದ ಚಿಂತೆ ಆಮೇಲಿನದು. ಭಾನುವಾರದ ಊಟವೇ ತಡವಾಗಿತ್ತು.

ಹೋಟೆಲ್ ಅಡುಗೆಮನೆಗಳಲ್ಲಿ ಇಪ್ಪತ್ತು ವರ್ಷ ದುಡಿದು, ಈಗ ಅಡುಗೆಯವರಿಗೆ ಆಹಾರ ಸುರಕ್ಷತೆ ಹೇಳಿಕೊಡುವವನು ನಾನು. ಮಗುವಿಗೆ ಆ ದಿನ ಏಕೆ ವಾಂತಿಯಾಯಿತು ಎಂದು ಪತ್ರ ಓದಿ ತೀರ್ಪು ಕೊಡುವುದು ಸರಿಯಲ್ಲ. ಆದರೆ ನನ್ನ ಅಡುಗೆಮನೆಯಲ್ಲಿ ಹೀಗಾಗಿದ್ದರೆ ಮೊದಲು ಎರಡು ವಸ್ತುಗಳನ್ನು ಹಿಡಿದು ಕೇಳುತ್ತಿದ್ದೆ. ಒಂದು, ಬೆಚ್ಚಗಿನ ಫಾಯಿಲ್ ಪೊಟ್ಟಣದಲ್ಲಿ ಮೂರು ಗಂಟೆ ಕುಳಿತ ಕೋಳಿ. ಇನ್ನೊಂದು, ಅದೇ ಚೀಲದಲ್ಲಿ ಅದಕ್ಕೆ ಒತ್ತಿಕೊಂಡು ಬಂದ ಬಿಳಿ ಮಯೊನೀಸ್ ಪೊಟ್ಟಣ. ಎರಡನೆಯದನ್ನು ನೀವು ಪತ್ರದಲ್ಲಿ ಬರೆದೇ ಇಲ್ಲ, ಆದರೆ ಗ್ರಿಲ್ ಕೋಳಿಯ ಜೊತೆ ಕುಬೂಸ್ ರೊಟ್ಟಿ ಮತ್ತು ಮಯೊನೀಸ್ ಬರದೆ ಇರುವುದು ಈಗ ಅಪರೂಪ. ಅದರಲ್ಲೂ ಹಸಿ ಮೊಟ್ಟೆ ಹಾಕಿ ಅಂಗಡಿಯಲ್ಲೇ ಕಡೆದ ಮಯೊನೀಸ್ ಆಗಿದ್ದರೆ ನಾನು ಕೋಳಿಗಿಂತ ಅದನ್ನೇ ಹೆಚ್ಚು ಅನುಮಾನಿಸುತ್ತೇನೆ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ನಿಷೇಧಿಸಿದ್ದು ಇಂಥ ಕಾರಣಕ್ಕೇ. ಮಕ್ಕಳು ಎಷ್ಟೇ ಕೇಳಲಿ, ಮನೆಗೆ ತಲುಪುವಾಗ ತಣ್ಣಗಿಲ್ಲದ ಮಯೊನೀಸನ್ನು ಬಿಚ್ಚಬೇಡಿ. ಉಳಿದದ್ದನ್ನು ಎತ್ತಿಡಲೂ ಬೇಡಿ. ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಕಾಳುಮೆಣಸು ಸೇರಿಸಿದರೆ ಎರಡು ನಿಮಿಷದ ಕೆಲಸ.

ಇನ್ನು ಗಂಟೆಯ ಲೆಕ್ಕ. ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗಿನ ಶಾಖ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬೇಯಿಸಿದ ಆಹಾರ ಈ ನಡುವಿನಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸೂತ್ರ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳಿಗೆ ಒಂದು ಗಂಟೆಯ ಸೂತ್ರವೇ ಸರಿ. ಫಾಯಿಲ್ ಸುತ್ತಿದರೆ ಕೋಳಿ ಬಿಸಿಯಾಗಿರುತ್ತದೆ ಎಂದು ನಾವು ನಂಬುತ್ತೇವೆ. ನಿಜವಾಗಿ ಆಗುವುದೇನೆಂದರೆ, ಅದು ಬಿಸಿಯಾಗಿಯೂ ಉಳಿಯದೆ ತಣ್ಣಗೂ ಆಗದೆ ಉಗುರುಬೆಚ್ಚಗೆ ಬಹಳ ಹೊತ್ತು ಇರುತ್ತದೆ. ಸ್ಕೂಟರಿನ ಕೊಕ್ಕೆಯಲ್ಲಿ ತೂಗಿ ಕಾಳಿ ಸೇತುವೆ ದಾಟಿ ಹೋಗಿ ಬರುವ ಪೊಟ್ಟಣ ಒಂದು ಸಣ್ಣ ಕಾವುಗೂಡಿನಂತೆ.

ಆದ್ದರಿಂದ ನಾದಿನಿಯ ಮನೆಗೆ ಹೋಗುವುದಿದ್ದರೆ ಮೊದಲು ಅಲ್ಲಿಗೆ ಹೋಗಿ, ಮರಳುವಾಗ ಕೋಳಿ ತೆಗೆದುಕೊಳ್ಳಿ. ಇಷ್ಟು ಮಾಡಿದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಅಂಗಡಿಯಲ್ಲಿ ಇನ್ನೊಂದನ್ನು ಗಮನಿಸಿ. ಗಾಜಿನ ಹಿಂದೆ ಕೋಳಿ ತಿರುಗುತ್ತಿದೆ ಎಂದ ಮಾತ್ರಕ್ಕೆ ಬೆಂಕಿ ಉರಿಯುತ್ತಿದೆ ಎಂದಲ್ಲ. ಗ್ಯಾಸ್ ಉಳಿಸಲು ಉರಿ ಆರಿಸಿ, ನೋಟಕ್ಕೆ ಮೋಟಾರು ಮಾತ್ರ ಬಿಟ್ಟಿರುವುದನ್ನು ನಾನೇ ಕಂಡಿದ್ದೇನೆ. ಸರಳಿನಿಂದ ಇಳಿಸುವಾಗ ಜಿಡ್ಡು ಚಿಟಚಿಟ ಅನ್ನಬೇಕು, ಕತ್ತರಿ ಹಾಕಿದಾಗ ಒಳಗಿನಿಂದ ಹಬೆ ಏಳಬೇಕು. ಇಲ್ಲದಿದ್ದರೆ "ಮುಂದಿನ ಸರಳು ಎಷ್ಟು ಹೊತ್ತಿಗೆ?" ಎಂದು ಕೇಳಿ ಕಾಯಿರಿ. ಬಣ್ಣ ಕಣ್ಣು ಕುಕ್ಕುವಷ್ಟು ಕೆಂಪಗಿದ್ದರೆ ಬೇರೆ ಅಂಗಡಿ ನೋಡಿ. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಿಂದ ಕಬಾಬುಗಳಿಗೆ ಕೃತಕ ಬಣ್ಣ ಹಾಕುವಂತಿಲ್ಲ.

ಎಲುಬಿನ ಬಳಿಯ ಕೆಂಪಿನ ಬಗ್ಗೆ. ಇಂದಿನ ಬ್ರಾಯ್ಲರ್ ಕೋಳಿಗೆ ಆರು ವಾರದ ಆಸುಪಾಸಿನ ವಯಸ್ಸು. ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೇಯುವಾಗ ಮಜ್ಜೆಯ ಬಣ್ಣ ಹೊರಗೆ ಇಳಿದು ಸುತ್ತಲಿನ ಮಾಂಸ ಕೆಂಪಾಗಿ ಕಾಣುತ್ತದೆ. ಬರಿಯ ಬಣ್ಣ ನೋಡಿ ಬೆಂದಿಲ್ಲ ಎನ್ನಲಾಗದು. ತೊಡೆಯ ಕೀಲಿನಲ್ಲಿ ಮಾಂಸ ಎಲುಬನ್ನು ಸಲೀಸಾಗಿ ಬಿಟ್ಟರೆ, ಒತ್ತಿದಾಗ ತಿಳಿ ರಸ ಬಂದರೆ ಹೆಚ್ಚಾಗಿ ಬೆಂದಿರುತ್ತದೆ. ಮಾಂಸ ರಬ್ಬರಿನಂತೆ ಜಾರುತ್ತಿದ್ದರೆ, ರಸದಲ್ಲಿ ರಕ್ತದ ಎಳೆ ಇದ್ದರೆ ಬೆಂದಿಲ್ಲ. ಖಚಿತವಾಗಿ ತಿಳಿಯಬೇಕಾದರೆ ಒಳಗೆ ಚುಚ್ಚುವ ಥರ್ಮಾಮೀಟರ್ ಒಂದೇ ದಾರಿ: ಎಲುಬಿಗೆ ತಾಗದಂತೆ ದಪ್ಪ ಭಾಗದಲ್ಲಿ 75 ಡಿಗ್ರಿ ತೋರಿಸಬೇಕು.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ, ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮತ್ತೆ ಬಿಸಿ ಮಾಡುವುದರಿಂದ ಕೋಳಿಯಲ್ಲಿ ವಿಷ ಹುಟ್ಟುವುದಿಲ್ಲ. ಚೆನ್ನಾಗಿ ಬಿಸಿ ಮಾಡಿದರೆ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಅವರ ಅನುಭವದಲ್ಲಿ ಒಂದು ಸತ್ಯವಿದೆ: ಮತ್ತೆ ಬಿಸಿ ಮಾಡಿ ತಿಂದವರಿಗೆ ಹೊಟ್ಟೆ ಕೆಟ್ಟದ್ದನ್ನು ಅವರು ಕಂಡಿದ್ದಾರೆ. ಕಾರಣ ಮಾತ್ರ ಬೇರೆ. ನಮ್ಮ ಕೈ, ಮೂಗು, ಗಾಯಗಳಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ಮಾಂಸದಲ್ಲಿ ಬೆಳೆಯುತ್ತಾ ಒಂದು ವಿಷವನ್ನು ಬಿಡುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಅದು ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ವಾಂತಿ. ಹಳೆಯ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನದೂ ಇದೇ ಚಾಳಿ. ಅಂದರೆ ಬಿಸಿ ಮಾಡಿದ್ದು ತಪ್ಪಲ್ಲ, ಬಿಸಿ ಮಾಡುವುದಕ್ಕೆ ಮೊದಲು ಹೊರಗಿಟ್ಟದ್ದು ತಪ್ಪು. ಉರಿಗೆ ಹಿಂದಿನ ತಪ್ಪನ್ನು ಅಳಿಸುವ ಶಕ್ತಿ ಇಲ್ಲ.

"ಹಾಗಾದರೆ ಮೀನಿನ ಸಾರನ್ನು ನಾವು ಎರಡು ದಿನ ಕುದಿಸಿ ಕುದಿಸಿ ಉಣ್ಣುವುದಿಲ್ಲವೇ?" ಎಂದು ಯಾರಾದರೂ ಕೇಳುತ್ತಾರೆ. ನನ್ನ ಅಜ್ಜಿಯೂ ಮಣ್ಣಿನ ಮಡಕೆಯ ಬಂಗಡೆ ಸಾರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುದಿಸಿಡುತ್ತಿದ್ದಳು. ಮರುದಿನದ ಸಾರಿನ ರುಚಿಗೆ ಮೊದಲ ದಿನದ್ದು ಸಾಟಿಯಲ್ಲ ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಆ ಸಾರನ್ನು ಗಮನಿಸಿ: ಮುರುಗಲಿನ ಹುಳಿ, ಉಪ್ಪು, ಮೆಣಸು, ಮತ್ತು ಇಡೀ ಮಡಕೆ ತಳದಿಂದ ಕುದಿಯುವಷ್ಟು ನೀರು. ಹುಳಿ ಬ್ಯಾಕ್ಟೀರಿಯಾವನ್ನು ನಿಧಾನಿಸುತ್ತದೆ, ಹನ್ನೆರಡು ಗಂಟೆಗೊಮ್ಮೆ ಬರುವ ಕುದಿ ಬೆಳೆದದ್ದನ್ನು ಸವರಿ ಹಾಕುತ್ತದೆ. ಗ್ರಿಲ್ ಕೋಳಿಯಲ್ಲಿ ಇದು ಯಾವುದೂ ಇಲ್ಲ. ಅದು ಒಣ, ದಪ್ಪ, ಹುಳಿಯಿಲ್ಲದ ತುಂಡು. ಹೊರಗೆ ಬಿಸಿಯಾದಾಗ ಒಳಗೆ ತಣ್ಣಗೇ ಇರುತ್ತದೆ. ಒಂದು ನಿಂಬೆಹೋಳು ಹಿಂಡಿದರೆ ಆ ಕೊರತೆ ತುಂಬುವುದಿಲ್ಲ. ಮಡಕೆಯ ಪದ್ಧತಿಯೂ ಪೂರ್ಣ ನಿರಪಾಯ ಎಂದು ನಾನು ಹೇಳುತ್ತಿಲ್ಲ. ಮಂಜುಗಡ್ಡೆಯಿಲ್ಲದೆ ಬಿಸಿಲಿಗೆ ಸಿಕ್ಕ ಬಂಗಡೆಯಲ್ಲಿ ಹುಟ್ಟುವ ಹಿಸ್ಟಮಿನ್ ಕೂಡ ಕುದಿಗೆ ಬಗ್ಗುವುದಿಲ್ಲ. ಅದು ಬೇರೆಯೇ ಕಥೆ.

ನಿಮ್ಮ ಯಜಮಾನರ "ವಾರ" ಎಂಬ ಲೆಕ್ಕ ಸರಿಯಲ್ಲ. ಫ್ರಿಜ್ ಬೆಳವಣಿಗೆಯನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಬೇಯಿಸಿದ ಕೋಳಿಗೆ ಮೂರು ದಿನ, ಬಹಳವೆಂದರೆ ನಾಲ್ಕು. ಅದೂ ಒಳಗಿನ ಶಾಖ 5 ಡಿಗ್ರಿಗಿಂತ ಕೆಳಗಿದ್ದರೆ. ಭಾನುವಾರ ರಾತ್ರಿಯಿಂದ ಬುಧವಾರ ರಾತ್ರಿಗೆ ಮೂರು ದಿನವಾಗುತ್ತದೆ. ಮೂಸಿ ನೋಡಿ ತೀರ್ಮಾನಿಸುವ ಅಭ್ಯಾಸವನ್ನು ಬಿಡಿ. ವಾಸನೆ ಬರಿಸುವ ಬ್ಯಾಕ್ಟೀರಿಯಾಗಳೇ ಬೇರೆ, ಹೊಟ್ಟೆ ಕೆಡಿಸುವವು ಬೇರೆ. ಕೆಟ್ಟ ವಾಸನೆ ಬಂದರೆ ಎಸೆಯಬೇಕು, ವಾಸನೆ ಬರಲಿಲ್ಲವೆಂದ ಮಾತ್ರಕ್ಕೆ ತಿನ್ನಬಹುದು ಎಂದಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ನಿಜವಾದ ಪ್ರಶ್ನೆ: ಒಂದು ಕೋಳಿಯಲ್ಲಿ ಎಷ್ಟು ಊಟ?

ಮೊದಲು ತಕ್ಕಡಿಯ ಮಾತು. ಸುಟ್ಟ ಮೇಲೆ 900 ಗ್ರಾಂ ತೂಗುವ ಕೋಳಿಯನ್ನು ಬಿಡಿಸಿದರೆ ನನಗೆ ಸಿಗುವುದು 500 ಗ್ರಾಂ ಆಸುಪಾಸು ಮಾಂಸ. ಉಳಿದದ್ದು ಎಲುಬು, ಚರ್ಮ, ಮೃದ್ವಸ್ಥಿ. ಐದು ಜನಕ್ಕೆ ತಲೆಗೆ ನೂರು ಗ್ರಾಂ. ಅಂದರೆ ಕೋಳಿಯೇ ಮುಖ್ಯವಾದ ಊಟ ಒಂದೇ. ಎರಡು ಮೂರು ಊಟ ಬೇಕೆಂದರೆ ಮೊದಲ ದಿನ ಅರ್ಧ ಮಾಂಸವನ್ನು ತಿನ್ನಲು ಬಿಟ್ಟು, ಉಳಿದ ಅರ್ಧವನ್ನು ತೆಂಗಿನಕಾಯಿ, ಅಕ್ಕಿ, ಮೊಟ್ಟೆಗಳ ಜೊತೆ ಹಂಚಬೇಕು. ಈ ಲೆಕ್ಕ ಒಪ್ಪಿಗೆಯಾದರೆ ಮುಂದೆ ಓದಿ. ಮಂಗಳವಾರವೂ ತಟ್ಟೆ ತುಂಬ ತುಂಡು ಬೇಕೆಂದರೆ ಎರಡು ಕೋಳಿ ತರಬೇಕಾದೀತು.

ಮಕ್ಕಳು ಕಾಲು, ತೊಡೆ ಮೊದಲು ಮುಗಿಸುತ್ತಾರೆಂದು ಬೇಸರಿಸಬೇಡಿ, ಅವರು ಮಾಡುವುದೇ ಸರಿ. ನೀವು ಹೇಳಿದ ಆ "ಹಳೆಯ ವಾಸನೆ" ಕೊಳೆತದ್ದರದಲ್ಲ. ಬೆಂದ ಮಾಂಸದಲ್ಲಿ ಸ್ನಾಯುವಿನ ಕಬ್ಬಿಣಾಂಶ ಬಿಡುಗಡೆಯಾಗಿ, ಗಾಳಿಯ ಆಮ್ಲಜನಕದ ಜೊತೆ ಸೇರಿ ಕೊಬ್ಬನ್ನು ಕೆಡಿಸುತ್ತದೆ. ಒಂದು ದಿನ ಫ್ರಿಜ್‌ನಲ್ಲಿದ್ದರೆ ಸಾಕು, ಬಿಸಿ ಮಾಡಿದಾಗ ಹಳೆ ಎಣ್ಣೆಯ, ಒದ್ದೆ ರಟ್ಟಿನ ವಾಸನೆ ಬರುತ್ತದೆ. ತೊಡೆಯಲ್ಲಿ ಕೊಬ್ಬು, ಕಬ್ಬಿಣ ಎರಡೂ ಹೆಚ್ಚು, ಹಾಗಾಗಿ ಅದು ಬೇಗ ಹೀಗಾಗುತ್ತದೆ. ಎದೆ ತಡೆದುಕೊಳ್ಳುತ್ತದೆ, ಅದರ ಕಷ್ಟ ಒಣಗುವುದು ಮಾತ್ರ. ಆದ್ದರಿಂದ ಭಾನುವಾರ ತೊಡೆ, ಕಾಲು, ರೆಕ್ಕೆ. ಮುಂದಿನ ದಿನಗಳಿಗೆ ಎದೆ.

ಎಲ್ಲಕ್ಕಿಂತ ಮುಖ್ಯ ಕೆಲಸ ಮನೆಗೆ ಬಂದ ಮೊದಲ ಹದಿನೈದು ನಿಮಿಷದ್ದು. ಊಟಕ್ಕೆ ಕೂರುವ ಮೊದಲೇ, ಕೈ ಸೋಪು ಹಾಕಿ ತೊಳೆದು, ಕೋಳಿಯನ್ನು ಹಲಗೆಯ ಮೇಲೆ ಬೆನ್ನಡಿಯಾಗಿ ಮಲಗಿಸಿ. ಎದೆಯ ನಡುವಿನ ಎಲುಬಿನ ಗೀಟಿಗೆ ಒತ್ತಿ ಚಾಕು ಇಳಿಸಿ, ಪಕ್ಕೆಲುಬಿನ ಗೂಡಿಗೆ ಅಂಟಿಕೊಂಡಂತೆ ಎಳೆಯುತ್ತಾ ಬನ್ನಿ. ಎದೆಯ ಮಾಂಸ ಅಂಗೈಯಗಲದ ಒಂದೇ ತುಂಡಾಗಿ ಬಿಟ್ಟುಕೊಡುತ್ತದೆ. ಇನ್ನೊಂದು ಬದಿಯೂ ಹಾಗೆಯೇ. ಆಮೇಲೆ ಬೆನ್ನು ಮಗುಚಿ ನೋಡಿ: ಸೊಂಟದ ಇಕ್ಕೆಲದಲ್ಲಿ ನಾಣ್ಯದಷ್ಟಗಲದ ಎರಡು ಗುಳಿಗಳಲ್ಲಿ ಎರಡು ಮೆತ್ತನೆಯ ಮುತ್ತುಗಳಂತಹ ತುಂಡುಗಳಿರುತ್ತವೆ. ಕೋಳಿಯ ಅತ್ಯಂತ ರುಚಿಯ ಭಾಗ ಅದೇ. ಅದನ್ನು ಬಿಡಿಸಿದವರೇ ಅಲ್ಲೇ ನಿಂತು ತಿನ್ನುವುದು ನಮ್ಮ ಕಸುಬಿನ ಹಳೆಯ ನಿಯಮ, ನೀವೂ ಪಾಲಿಸಿ. ಎದೆಯನ್ನು ಎಳೆಗೆ ಅಡ್ಡವಾಗಿ ಬೆರಳ ದಪ್ಪಕ್ಕೆ ಕತ್ತರಿಸಿ, ಅಗಲವಾದ ಚಪ್ಪಟೆ ಡಬ್ಬಿಯಲ್ಲಿ ಒಂದೇ ಪದರವಾಗಿ ಹರಡಿ. ಫಾಯಿಲ್‌ನಲ್ಲಿ ಇಳಿದಿರುವ ರಸವನ್ನು ಚೆಲ್ಲದೆ ಮೇಲೆ ಸುರಿಯಿರಿ. ಮುಚ್ಚಳ ಹಾಕಿ ಫ್ರಿಜ್‌ನ ಒಳಗಿನ ಮೂಲೆಗೆ ತಳ್ಳಿ, ಬಾಗಿಲಿನ ಅರೆಯಲ್ಲಿ ಇಡಬೇಡಿ. ಸೋಮವಾರದ ಹಾಲು, ಮೊಸರು ಮೇಲಿನ ಅರೆಯಲ್ಲಿ, ಕೋಳಿಯ ಡಬ್ಬಿ ಕೆಳಗಿನ ಅರೆಯಲ್ಲಿ ಇದ್ದರೆ ಅತ್ತೆಯವರಿಗೂ ಸಮಾಧಾನ.

ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಹಾಳಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ನಾಲ್ಕು ಲೀಟರಿನ ಕುದಿಯುವ ಪಾತ್ರೆ ಇಟ್ಟರೆ ಪಕ್ಕದ ಹಾಲೂ ಬೆಚ್ಚಗಾಗುತ್ತದೆ, ಅದು ನಿಜ. ಚಪ್ಪಟೆ ಡಬ್ಬಿಯ ಕಾಲು ಕಿಲೋ ಮಾಂಸಕ್ಕೆ ಫ್ರಿಜ್ ಹೆದರುವುದಿಲ್ಲ. ಹಬೆ ಅಡಗಿದ ಕೂಡಲೇ ಇಟ್ಟುಬಿಡಿ. ಪೂರ್ತಿ ಆರಲಿ ಎಂದು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಟ್ಟ ಮನೆಗಳಿಂದಲೇ ನನಗೆ ಹೆಚ್ಚು ಪತ್ರಗಳು ಬರುವುದು.

ಎಲುಬಿನ ಗೂಡು ಕುಕ್ಕರಿಗೆ. ಬಡಿಸುವ ಮೊದಲೇ ಗೂಡು, ಬೆನ್ನು, ಕುತ್ತಿಗೆ ಎತ್ತಿಡಿ. ತಟ್ಟೆಯಲ್ಲಿ ಉಳಿದ ಎಲುಬೂ ಕುದಿಸಿದರೆ ಶುದ್ಧವೇ, ಆದರೆ ಎಂಜಲು ಒಪ್ಪುವುದು ಬಿಡುವುದು ಪ್ರತಿ ಮನೆಯ ವಿಚಾರ. ಕರಕಲಾದ ಚರ್ಮವನ್ನು ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಸ ಕಹಿ. ಒಂದೂಕಾಲು ಲೀಟರ್ ನೀರು, ಒಂದು ಈರುಳ್ಳಿ, ಜಜ್ಜಿದ ಶುಂಠಿ, ಹತ್ತು ಕಾಳುಮೆಣಸು, ಶಿರಸಿಯ ಕಡೆಯ ಮೆಣಸಾದರೆ ಎಂಟೇ ಸಾಕು. ಉಪ್ಪು ಬೇಡ, ಅಂಗಡಿಯ ಮಸಾಲೆಯಲ್ಲೇ ಸಾಕಷ್ಟಿದೆ. ಒಂದು ಸೀಟಿಯ ನಂತರ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ನೀವೆಲ್ಲ ಊಟ ಮುಗಿಸುವಷ್ಟರಲ್ಲಿ ಅದೂ ಮುಗಿದಿರುತ್ತದೆ.

ಸೋಸಿದ ಆ ರಸವನ್ನು ತಣಿಸುವುದರಲ್ಲಿ ಮಾತ್ರ ಸೋಮಾರಿತನ ಬೇಡ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯಲ್ಲೂ ಬದುಕಿ ಉಳಿಯಬಲ್ಲವು. ದೊಡ್ಡ ಪಾತ್ರೆಯ ರಸ ನಿಧಾನವಾಗಿ ಆರುವಾಗ, 45 ಡಿಗ್ರಿಯ ಆಸುಪಾಸಿನಲ್ಲಿ, ಅವು ಮೊಳೆತು ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಮದುವೆ ಮನೆಗಳ ಹಂಡೆ ಸಾರಿನಿಂದ ಮರುದಿನ ಹೊಟ್ಟೆ ಕೆಡುವುದಕ್ಕೆ ಹಲವು ಸಲ ಇದೇ ಕಾರಣ. ಅಗಲವಾದ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರು ತುಂಬಿದ ಪರಾತದಲ್ಲಿ ಕೂರಿಸಿ, ಸೌಟಿನಿಂದ ಆಗಾಗ ತಿರುವಿ. ನೀರು ಎರಡು ಸಲ ಬದಲಾಯಿಸಿದರೆ ಅರ್ಧ ಗಂಟೆಯೊಳಗೆ ಡಬ್ಬಿಗೆ ತುಂಬಬಹುದು. ಮರುದಿನ ಅದು ಹಲಸಿನ ಅಂಟಿನಂತೆ ಅಲುಗಾಡುವ ಲೋಳೆಯಾಗಿದ್ದರೆ ಗಾಬರಿಯಾಗಬೇಡಿ. ಎಲುಬಿನ ಕೀಲುಗಳ ಕೊಲಾಜೆನ್ ಕರಗಿ ಜೆಲಟಿನ್ ಆಗಿದೆ, ಅಷ್ಟೇ. ಮಕ್ಕಳಿಗೆ ಇದರಿಂದ ಕ್ಯಾಲ್ಸಿಯಂ ಸಿಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಸಿಗುವುದು ಅತ್ಯಲ್ಪ. ರುಚಿಗಾಗಿ ಕುಡಿಯಿರಿ, ಕ್ಯಾಲ್ಸಿಯಂಗೆ ರಾಗಿ, ಹಾಲು, ಎಲುಬು ಸಮೇತ ತಿನ್ನುವ ಸಣ್ಣ ಮೀನು ಇದೆ.

ಮಂಗಳವಾರ ನಾನಾದರೆ ಶಾಗೋತಿ, ಅಂದರೆ ಹುರಿದ ಮಸಾಲೆಯ ಗೊಜ್ಜು, ಮಾಡುತ್ತೇನೆ. ಕೊತ್ತಂಬರಿ ಬೀಜ, ಒಣಮೆಣಸು, ಗಸಗಸೆ, ಚಕ್ಕೆ, ಲವಂಗ, ತುರಿದ ತೆಂಗಿನಕಾಯಿ, ಎಲ್ಲವನ್ನೂ ಕಂದುಬಣ್ಣ ಬರುವವರೆಗೆ ಹುರಿದು ರುಬ್ಬುವ ವಿಧಾನ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನೀರಿನ ಬದಲು ಎಲುಬಿನ ರಸ ಹಾಕಿ. ವ್ಯತ್ಯಾಸ ಇರುವುದು ಕೊನೆಯಲ್ಲಿ: ಮಸಾಲೆ ಹಸಿವಾಸನೆ ಕಳೆದುಕೊಂಡು ಪೂರ್ತಿ ಹದಕ್ಕೆ ಬಂದು, ಬಟಾಟೆಯೂ ಬೆಂದ ಮೇಲೆ ಕೋಳಿ ಹಾಕಬೇಕು. ಅದು ಆಗಲೇ ಬೆಂದದ್ದು. ಮೊದಲೇ ಹಾಕಿ ಅರ್ಧ ಗಂಟೆ ಕುದಿಸುವುದರಿಂದಲೇ ನಿಮಗೆ ನಾರು ಸಿಗುತ್ತಿರುವುದು. ತುಂಡುಗಳು ಮುಳುಗುವಂತೆ ಹಾಕಿ, ಗೊಜ್ಜು ಮತ್ತೆ ಕೊತಕೊತ ಕುದಿಯಲು ಬಿಟ್ಟು, ಅಲ್ಲಿಂದ ಮೂರು ನಾಲ್ಕು ನಿಮಿಷ. ಒಂದು ತುಂಡು ಮುರಿದರೆ ಒಳಗೂ ಬಾಯಿ ಸುಡಬೇಕು. ಹುರಿದ ಮಸಾಲೆ ಆ ರಟ್ಟಿನ ವಾಸನೆಯನ್ನು ಮುಚ್ಚುವುದಷ್ಟೇ ಅಲ್ಲ, ಲವಂಗ, ಚಕ್ಕೆಯಂಥವು ಕೊಬ್ಬು ಕೆಡುವುದನ್ನೇ ತಡೆಯುತ್ತವೆ. ಇನ್ನೂರು ಗ್ರಾಂ ಎದೆಮಾಂಸ, ಎರಡು ಬಟಾಟೆ, ಅರ್ಧ ತೆಂಗಿನಕಾಯಿ. ವಡೆಯ ಜೊತೆ ಐದು ಜನಕ್ಕೆ ಸಾಕು.

ಬುಧವಾರ ಉಳಿದ ರಸದಲ್ಲಿ ಕುಚ್ಚಲಕ್ಕಿ ಗಂಜಿ. ಕೈಯಲ್ಲಿ ಸಿಗಿದ ಒಂದು ಹಿಡಿ ಮಾಂಸ, ಮೇಲೆ ಮೆಣಸಿನ ಪುಡಿ, ತುಪ್ಪ. ಹೊರಗೆ ಜಡಿಮಳೆ ಇದ್ದರೆ ಇದಕ್ಕಿಂತ ಹೆಚ್ಚಿನದನ್ನು ಬೇಡುವವರಿಗೆ ನನ್ನಲ್ಲಿ ಉತ್ತರವಿಲ್ಲ. ಬೇಡವೆಂದರೆ ಮೊಟ್ಟೆ ಒಡೆದು ಹಾಕಿ ಈರುಳ್ಳಿಯ ಜೊತೆ ಕಲಸಿ ಹುರಿದು ಪಾವ್‌ನೊಳಗೆ ತುಂಬಿ ಮಕ್ಕಳ ಡಬ್ಬಿಗೆ ಎಂದು ಹಲವರು ಮಾಡುತ್ತಾರೆ. ರುಚಿಯೇನೋ ಚೆನ್ನ, ಆದರೆ ಮೂರನೆಯ ದಿನದ ಕೋಳಿಯನ್ನು ಮತ್ತೆ ನಾಲ್ಕು ಗಂಟೆ ಶಾಲೆಯ ಚೀಲದಲ್ಲಿ ಬೆಚ್ಚಗಿಡುವುದನ್ನು ನಾನು ಒಪ್ಪುವುದಿಲ್ಲ. ಬಿಸಿ ಮಾಡಿದ್ದು ಆ ಹೊತ್ತಿನಲ್ಲೇ ಮುಗಿಯಬೇಕು. ಅಂದಂದಿಗೆ ಬೇಕಾದಷ್ಟೇ ಡಬ್ಬಿಯಿಂದ ತೆಗೆಯಿರಿ. ಒಮ್ಮೆ ಬಿಸಿಯಾದದ್ದು ಮತ್ತೆ ಫ್ರಿಜ್‌ಗೆ ಹೋಗಬಾರದು. ಮೈಕ್ರೋವೇವ್ ಇದ್ದರೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ನಡುವೆ ಒಮ್ಮೆ ಮಗುಚಿ, ಏಕೆಂದರೆ ಅದು ಅಲ್ಲಲ್ಲಿ ತಣ್ಣಗಿನ ಜಾಗ ಬಿಡುತ್ತದೆ.

ಇದೆಲ್ಲ ವಿದ್ಯುತ್ ಇದ್ದರೆ. ಕದ್ರಾದ ಜಲವಿದ್ಯುತ್ ಕೇಂದ್ರ, ಕೈಗಾದ ಅಣುವಿದ್ಯುತ್ ಕೇಂದ್ರ ಎರಡೂ ನಮ್ಮ ತಾಲ್ಲೂಕಿನಲ್ಲೇ ಇದ್ದರೂ ಜುಲೈ ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ನಮ್ಮ ಮನೆಗೂ ಕತ್ತಲೆಯೇ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಅರ್ಧ ತುಂಬಿದ ಪ್ರತ್ಯೇಕ ಫ್ರೀಜರ್ ಒಂದು ದಿನ, ತುಂಬಿದ್ದು ಎರಡು ದಿನ ತಡೆಯುತ್ತದೆ. ಫ್ರಿಜ್‌ನ ಮೇಲಿನ ಸಣ್ಣ ಖಾನೆಯಿಂದ ಅಷ್ಟು ನಿರೀಕ್ಷಿಸಬೇಡಿ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಗಟ್ಟಿಯಾಗಿಸಿಡಿ. ಇನ್ನೊಂದು ಉಪಾಯ: ಬಟ್ಟಲಲ್ಲಿ ನೀರು ಗಟ್ಟಿಯಾಗಿಸಿ ಮೇಲೊಂದು ಐದು ರೂಪಾಯಿ ನಾಣ್ಯ ಇಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಆ ಕೋಳಿಯನ್ನು ತಿನ್ನಬೇಡಿ.

ಹೀಗಾಗಿ ನನ್ನ ಸಲಹೆ ಋತುವಿನ ಪ್ರಕಾರ ಬದಲಾಗುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಮೇಲೆ ಹೇಳಿದಂತೆ ಫ್ರಿಜ್ ಸಾಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ನೀವು ಕೋಳಿ ಹೆಚ್ಚು ತರುವುದೂ ಆಗಲೇ, ವಿದ್ಯುತ್ ಹೆಚ್ಚು ಕೈಕೊಡುವುದೂ ಆಗಲೇ. ಆ ದಿನಗಳಲ್ಲಿ ಎದೆಮಾಂಸವನ್ನು ಭಾನುವಾರ ರಾತ್ರಿಯೇ ಫ್ರೀಜರ್‌ಗೆ ಹಾಕಿ. ಸೋಮವಾರದ ಪ್ರಶ್ನೆಯೂ ಇಲ್ಲ, ಗುರುವಾರ ನಿಮ್ಮಲ್ಲಿ ಮಾಂಸವಿಲ್ಲದಿದ್ದರೆ ಶುಕ್ರವಾರಕ್ಕೂ ಬರುತ್ತದೆ. ಗಟ್ಟಿಯಾದ ತೆಳು ತುಂಡುಗಳನ್ನು ನೇರವಾಗಿ ಕುದಿಯುವ ಗೊಜ್ಜಿಗೆ ಹಾಕಬಹುದು, ಕುದಿ ಮರಳಿದ ಮೇಲೆ ಇನ್ನೆರಡು ನಿಮಿಷ ಹೆಚ್ಚು ಬಿಡಿ. ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಭಾನುವಾರವೇ ಶಾಗೋತಿ ಮಾಡಿ ಇಟ್ಟುಬಿಡುವುದು ಇನ್ನೊಂದು ದಾರಿ; ರುಚಿಗೆ ಅದೇ ಮೇಲು, ಆದರೆ ರಸಕ್ಕೆ ಹೇಳಿದ ತಣಿಸುವ ಕೆಲಸವನ್ನು ರಾತ್ರಿ ಹತ್ತು ಗಂಟೆಗೆ ಮಾಡುವ ತಾಳ್ಮೆ ಬೇಕು. ದಿನಗಟ್ಟಲೆ ವಿದ್ಯುತ್ ಹೋಗುವ ವಾರಗಳಲ್ಲಿ ಅರ್ಧ ಕೋಳಿ ತಂದು ಅಂದೇ ಮುಗಿಸಿ. ದುಡ್ಡು ಉಳಿಸಲು ಹೋಗಿ ಆಸ್ಪತ್ರೆಯ ಬಿಲ್ ತೆರುವುದು ಬೇಡ.

ಚಿಕ್ಕವಳಿಗೆ ಅಥವಾ ಅತ್ತೆಯವರಿಗೆ ಮತ್ತೆ ಹೀಗಾದರೆ ಒಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕೊಡಿ. ವಾಂತಿ ನಿಲ್ಲದಿದ್ದರೆ, ಜ್ವರ ಏರಿದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಂಪರಾದರೆ ಕಾಯದೆ ವೈದ್ಯರ ಬಳಿ ಹೋಗಿ. ಆರು ವರ್ಷ, ಎಪ್ಪತ್ತೆರಡು ವರ್ಷ ಎರಡೂ ಬೇಗ ಬಳಲುವ ವಯಸ್ಸು.

ಕೊನೆಗೆ ನಾಯಿ. ಬೆಂದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ, ಮಸಾಲೆಯ ಈರುಳ್ಳಿ ಬೆಳ್ಳುಳ್ಳಿಯೂ ನಾಯಿಗೆ ಒಗ್ಗದು. ಹಾಕಬೇಡಿ. ಕುಕ್ಕರಿನಿಂದ ಸೋಸಿದ ಎಲುಬು ತೆಂಗಿನ ಬುಡಕ್ಕೆ ಒಳ್ಳೆಯದು. ಒಂದೂವರೆ ಅಡಿ ಆಳ ತೋಡಿ, ಮೇಲೆ ಮಣ್ಣು ಹಾಕಿ, ಒಂದು ಚಪ್ಪಡಿ ಕಲ್ಲನ್ನೂ ಇಡಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಅದೇ ನಾಯಿ ಅಗೆದು ಅಂಗಳದಲ್ಲೆಲ್ಲ ಹರಡಿರುತ್ತದೆ.